ಮಂಜೀರೆಯ ಅಭಯಾರಣ್ಯ: ಮೇಲ್ದಂಡೆಯವರ ಹೊಣೆ

ಉಮರ್ಗಾದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮ ಓದುಗರಲ್ಲಿ ಬಹುಪಾಲು ಜನ ಒಂದಲ್ಲ ಒಂದು ಸಾರಿ ಪ್ರಯಾಣ ಮಾಡಿದವರೇ. ಆಸ್ಪತ್ರೆಗೆಂದು ಹೋದವರಿದ್ದಾರೆ, ಕೂಲಿಗೆಂದು ಹೋದವರಿದ್ದಾರೆ, ಮಕ್ಕಳ ಓದಿಗೆಂದು ಹೋಗಿ ಬಂದವರಿದ್ದಾರೆ. ಹುಮನಾಬಾದ, ಜಹೀರಾಬಾದ ದಾಟಿ ಸಂಗಾರೆಡ್ಡಿ ಬರುವ ಹೊತ್ತಿಗೆ ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಆ ಸಂಗಾರೆಡ್ಡಿಯ ಬಳಿಯಲ್ಲೇ, ನಮ್ಮದೇ ಹೊಳೆಯ ಮೇಲೆ, ಒಂದು ಅಭಯಾರಣ್ಯವಿದೆ. ಮಂಜೀರಾ ವನ್ಯಜೀವಿ ಅಭಯಾರಣ್ಯ ಎಂದು ಅದರ ಹೆಸರು. 1978ರಲ್ಲಿ ಆಗಿನ ಆಂಧ್ರಪ್ರದೇಶ ಸರಕಾರ ಅದನ್ನು ಘೋಷಿಸಿತು. ಈಗ ಅದು ತೆಲಂಗಾಣದಲ್ಲಿದೆ. ವಿಸ್ತಾರ ಸುಮಾರು 20 ಚದರ ಕಿಲೋಮೀಟರ್. ಅರಣ್ಯ ಎಂದ ಮಾತ್ರಕ್ಕೆ ದಟ್ಟ ಕಾಡನ್ನು ಕಲ್ಪಿಸಿಕೊಳ್ಳಬೇಡಿ. ನೀರು, ಜೊಂಡು, ಜಾಲಿಗಿಡ ಬೆಳೆದ ಪುಟ್ಟ ನಡುಗಡ್ಡೆಗಳು, ಅಲ್ಲಲ್ಲಿ ಉಸುಕಿನ ದಿಬ್ಬ. ಇಷ್ಟೇ.

ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ದೂರದ ತೆಲಂಗಾಣದ ಹಕ್ಕಿಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಆ ಅಭಯಾರಣ್ಯದ ಅರ್ಧ ಕಾವಲು ನಮ್ಮ ಕೈಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯ ಅರಣ್ಯ ಇಲಾಖೆ ಬೇಲಿ ಹಾಕಬಹುದು, ಫಲಕ ನೆಡಬಹುದು, ಬಂದೂಕು ಹಿಡಿದು ಬಂದವನನ್ನು ಹಿಡಿದು ಕೋರ್ಟಿಗೆ ಒಪ್ಪಿಸಬಹುದು. ಆದರೆ ಮೇಲಿನಿಂದ ಹರಿದು ಬರುವ ನೀರಿಗೆ ಬೇಲಿ ಹಾಕುವುದು ಹೇಗೆ? ಬಾರದೆ ಹೋದ ನೀರನ್ನು ಹಿಡಿದು ತರುವುದು ಹೇಗೆ?

ಮೊದಲು ಹೊಳೆಯ ದಾರಿಯನ್ನು ಸ್ವಲ್ಪ ನೋಡೋಣ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಗೋದಾವರಿ, ಕೃಷ್ಣೆಯರ ಹೆಸರು ಗೊತ್ತು. ಮನೆಯ ಹಿಂದಿನ ಹಳ್ಳ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಗೊತ್ತಿಲ್ಲ. ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಸಾಲಿನಲ್ಲಿ ಮಂಜೀರಾ ಹುಟ್ಟುತ್ತದೆ. ನಮ್ಮ ಮರಾಠಿ ಬಂಧುಗಳು ಅದನ್ನು ಮಾಂಜರಾ ಎನ್ನುತ್ತಾರೆ. ಧನೇಗಾವದ ಅಣೆಕಟ್ಟು ದಾಟಿ ಲಾತೂರ ಜಿಲ್ಲೆಯಲ್ಲಿ ಹರಿದು, ನಿಲಂಗಾ ತಾಲೂಕಿನ ಅಂಚಿಗೆ ಬರುತ್ತದೆ. ಧಾರಾಶಿವ ಜಿಲ್ಲೆಯ ಕಡೆಯಿಂದ, ಅಂದರೆ ಹಿಂದಿನ ಉಸ್ಮಾನಾಬಾದ ಕಡೆಯಿಂದ, ತೇರಣಾ ಹೊಳೆ ಲೋಹಾರಾ ತಾಲೂಕಿನ ಮಾಕಣಿಯ ಜಲಾಶಯವನ್ನು ತುಂಬಿಸಿ, ಔರಾದ ಶಹಾಜನಿಯ ಕಡೆಗೆ ಬಂದು ಅದನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಬೀದರ ಜಿಲ್ಲೆ. ಭಾಲ್ಕಿಯ ಕಡೆಯ ಕಾರಂಜಾ ಹೊಳೆಯೂ ಸೇರಿದ ಮೇಲೆ ಮಂಜೀರೆ ತೆಲಂಗಾಣವನ್ನು ಹೊಕ್ಕು ಸಿಂಗೂರು ಜಲಾಶಯವಾಗುತ್ತದೆ. ಸಿಂಗೂರಿನ ಅಣೆಕಟ್ಟಿಗೂ ಅದರ ಕೆಳಗಿನ ಮಂಜೀರಾ ಬ್ಯಾರೇಜಿಗೂ ನಡುವಿನ ಹೊಳೆಯೇ ಅಭಯಾರಣ್ಯ. ಆ ಬ್ಯಾರೇಜಿನಿಂದ 1960ರ ದಶಕದಿಂದಲೇ ಹೈದರಾಬಾದಿಗೆ ಕುಡಿಯುವ ನೀರು ಹೋಗುತ್ತಿದೆ. ಅಲ್ಲಿ ದುಡಿಯಲು ಹೋದ ನಮ್ಮ ಹುಡುಗರು ನಲ್ಲಿಗೆ ಲೋಟ ಹಿಡಿದಾಗ, ತಮ್ಮ ಊರಿನ ಹಳ್ಳದ ನೀರನ್ನೇ ದುಡ್ಡು ಕೊಟ್ಟು ಕುಡಿದಿರಲೂ ಸಾಕು.

ಉದಗೀರದವರು ಇಲ್ಲೊಂದು ತಕರಾರು ಎತ್ತಬಹುದು, ಅದು ನ್ಯಾಯವೇ. ಅವರ ಲೆಂಡಿ ಹೊಳೆ ಮಂಜೀರೆಯನ್ನು ಸೇರುವುದು ಬಹಳ ಕೆಳಗೆ, ನಿಜಾಮಸಾಗರವನ್ನೂ ದಾಟಿದ ಮೇಲೆ. ಆ ಲೆಕ್ಕದಲ್ಲಿ ಅಭಯಾರಣ್ಯದ ನೀರಿಗೂ ಲೆಂಡಿಗೂ ಸಂಬಂಧವಿಲ್ಲ. ಆದರೆ ಹಕ್ಕಿಗಳಿಗೆ ಜಲಾನಯನದ ನಕ್ಷೆ ತಿಳಿಯದು. ಮಂಜೀರೆಯಲ್ಲಿ ಇಳಿಯುವ ಬಾತುಗಳು ಉದಗೀರದ ಕೆರೆಯಲ್ಲಿಯೂ ಇಳಿದಾವು, ಬೀದರಿನ ಕಾರಂಜಾದಲ್ಲಿಯೂ ಇಳಿದಾವು. ಒಂದು ಕಡೆ ನೀರು ಬತ್ತಿದರೆ ಇನ್ನೊಂದು ಕಡೆಗೆ ಹಾರುತ್ತವೆ. ಒಂದೇ ಒಂದು ಅಭಯಾರಣ್ಯವನ್ನು ಕಾದು ಸುತ್ತಲಿನ ಕೆರೆಗಳನ್ನೆಲ್ಲ ಹೂಳಿದರೆ ಅವಕ್ಕೆ ಮನೆ ಉಳಿದಂತಾಗುವುದಿಲ್ಲ.

ಹಾಗಾದರೆ ಅಲ್ಲಿಗೆ ಬರುವ ಅತಿಥಿಗಳಾರು? ಪಟ್ಟೆತಲೆ ಬಾತು ಅವರಲ್ಲಿ ಹೆಸರು ಮಾಡಿದ್ದು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಒಮ್ಮೆ ನೋಡಿದರೆ ಮರೆಯುವಂತಿಲ್ಲ. ಟಿಬೆಟ್, ಮಂಗೋಲಿಯಾ, ನಮ್ಮ ಲಡಾಖ್ ಈ ಕಡೆಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಬರುತ್ತದೆ. ವಿಜ್ಞಾನಿಗಳು ಇವುಗಳ ಮೈಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಮನುಷ್ಯನಿಗೆ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಆ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವಂತಿದೆ. ಚಕ್ರವಾಕವೂ ಅದೇ ದಿಕ್ಕಿನಿಂದ ಬರುತ್ತದೆ. ರಾತ್ರಿ ಜೋಡಿ ಅಗಲುತ್ತದೆಂದು ಕವಿಗಳು ಹೇಳಿದ ಕೇಸರಿ ಬಣ್ಣದ ಆ ಹಕ್ಕಿಯನ್ನು ಪುಸ್ತಕದಲ್ಲಿ ಓದಿದವರು ಬಹಳ, ಕಣ್ಣಿನಿಂದ ನೋಡಿದವರು ಕಡಿಮೆ. ಸೂಜಿಬಾಲದ ಬಾತು ಮತ್ತು ಅನೇಕ ಬಗೆಯ ಸಣ್ಣ ಬಾತುಗಳು ಚಳಿಗಾಲದಲ್ಲಿ ಬಂದು ಹೋಗುತ್ತವೆ. ಬಣ್ಣದ ಕೊಕ್ಕರೆ ಮಾತ್ರ ನಮ್ಮ ನಾಡಿನದೇ. ಅದು ನಡುಗಡ್ಡೆಯ ಜಾಲಿಗಿಡಗಳಲ್ಲಿ ಗೂಡು ಕಟ್ಟುತ್ತದೆ.

ಅಭಯಾರಣ್ಯ ಆಗುವುದಕ್ಕೆ ಹಕ್ಕಿಗಳಿಗಿಂತ ದೊಡ್ಡ ಕಾರಣ ಮೊಸಳೆ. ಸಿಹಿನೀರಿನ ಮೊಸಳೆ ಚರ್ಮದ ಆಸೆಗೆ ಬೇಟೆಯಾಗಿ ದೇಶದಲ್ಲೆಲ್ಲ ಕಡಿಮೆಯಾಗಿತ್ತು. 1975ರಲ್ಲಿ ಕೇಂದ್ರ ಸರಕಾರ ಮೊಸಳೆ ಸಂರಕ್ಷಣಾ ಯೋಜನೆಯನ್ನು ಆರಂಭಿಸಿತು. ಸಾಕಿ ಬೆಳೆಸಿದ ಮೊಸಳೆಗಳನ್ನು ಬಿಟ್ಟ ಕಡೆಗಳಲ್ಲಿ ಮಂಜೀರೆಯೂ ಒಂದು. ಮೊಸಳೆಯ ಹೆಸರು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಎದ್ದು ಓಡುತ್ತಾರೆ, ಅದು ಸಹಜ. ಆದರೆ ಅದು ಹೊಳೆಯ ಜಾಡಮಾಲಿ. ಸತ್ತ ಪ್ರಾಣಿಯನ್ನೂ ರೋಗದ ಮೀನನ್ನೂ ತಿಂದು ನೀರನ್ನು ಚೊಕ್ಕ ಇಡುತ್ತದೆ. ಅದು ಮೊಟ್ಟೆ ಇಡುವುದು ದಂಡೆಯ ಉಸುಕನ್ನೂ ಮಣ್ಣನ್ನೂ ತೋಡಿ, ಬೇಸಿಗೆಯ ಆರಂಭದಲ್ಲಿ. ಆ ಮೊಟ್ಟೆ ಒಡೆಯಲು ಎರಡು ತಿಂಗಳಾದರೂ ಬೇಕು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಉಸುಕಿನ ಮಾತು ಮುಂದೆ ಬರಲಿದೆ.

ಈಗ ನೀರಿನ ವಿಷಯಕ್ಕೆ ಬರೋಣ. 2016ರ ಏಪ್ರಿಲಿನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದನ್ನು ಯಾರು ಮರೆತಾರು? ಮೊದಲ ರೈಲಿನಲ್ಲಿ 10 ಟ್ಯಾಂಕರು, ಒಂದೊಂದರಲ್ಲಿ 50 ಸಾವಿರ ಲೀಟರು. ನೀರಿನ ತೊಟ್ಟಿಗಳ ಬಳಿ ಜಗಳ ಆಗಬಾರದೆಂದು ಲಾತೂರಿನಲ್ಲಿ 144ನೇ ಕಲಮು ಜಾರಿ ಮಾಡಬೇಕಾಯಿತು. ಧನೇಗಾವದ ಜಲಾಶಯದ ತಳದ ಮಣ್ಣು ಬಿರುಕು ಬಿಟ್ಟಿತ್ತು. ಅದೇ ಬರದಲ್ಲಿ ಕೆಳಗಿನ ಸಿಂಗೂರೂ ಮಂಜೀರಾ ಜಲಾಶಯವೂ ಬರಿದಾದವು. ಹೈದರಾಬಾದು ಕೃಷ್ಣೆ, ಗೋದಾವರಿಗಳ ನೀರನ್ನೇ ನೆಚ್ಚಬೇಕಾಯಿತು. ನಗರಕ್ಕೆ ಇನ್ನೊಂದು ಹೊಳೆಯಿಂದ ಕೊಳವೆ ಹಾಕಿ ನೀರು ತರುವ ಶಕ್ತಿಯಿದೆ. ಲಾತೂರಿಗೆ ರೈಲು ಬಂತು. ಅಭಯಾರಣ್ಯಕ್ಕೆ ಯಾವ ರೈಲೂ ಬರಲಿಲ್ಲ.

ಬರ ದೇವರು ಕೊಟ್ಟದ್ದು, ಅದಕ್ಕೆ ನಾವೇನು ಮಾಡುವುದು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಳೆ ಕಡಿಮೆಯಾದದ್ದು ನಿಜ. ಆದರೆ ಬಿದ್ದ ಮಳೆ ಎಲ್ಲಿಗೆ ಹೋಯಿತು ಎಂಬ ಲೆಕ್ಕವೂ ಇದೆ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700ರಿಂದ 800 ಮಿಲಿಮೀಟರು. ಕಬ್ಬಿಗೆ ಬೇಕಾದದ್ದು ಅದರ ಎರಡು ಪಟ್ಟಿಗೂ ಮೇಲೆ. ಉಳಿದದ್ದನ್ನು ಬೋರಿನಿಂದಲೂ ಹೊಳೆಯ ಬ್ಯಾರೇಜಿನಿಂದಲೂ ಎತ್ತಬೇಕು. ಮಹಾರಾಷ್ಟ್ರದ ಒಟ್ಟು ಸಾಗುವಳಿಯಲ್ಲಿ ಕಬ್ಬಿನ ಪಾಲು ಶೇಕಡಾ 4ರ ಆಸುಪಾಸು. ನೀರಾವರಿಯ ನೀರಿನಲ್ಲಿ ಅದು ನುಂಗುವ ಪಾಲು ಅರ್ಧಕ್ಕಿಂತ ಹೆಚ್ಚು ಎಂದು ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಹೇಳಿದೆ. ಲಾತೂರ ಜಿಲ್ಲೆಯಲ್ಲಿ ಮಂಜೀರೆಗೆ ಸಾಲಾಗಿ ಬ್ಯಾರೇಜುಗಳನ್ನು ಕಟ್ಟಲಾಗಿದೆ. ಒಂದೊಂದೂ ತುಂಬಿದ ಮೇಲೆ ಮಾತ್ರ ಕೆಳಗಿನದಕ್ಕೆ ನೀರು. ಒಳ್ಳೆಯ ಮಳೆಗಾಲದಲ್ಲಿ ಇದರಿಂದ ತೊಂದರೆ ಕಾಣುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮರಾಠವಾಡದಲ್ಲೆಲ್ಲ ಹೊಳೆ ಉಕ್ಕಿ ಸೋಯಾ ಕೊಳೆತು ಹೋದಾಗ ಯಾರಿಗೂ ನೀರಿನ ಕೊರತೆಯ ಮಾತು ಬೇಡವಾಗಿತ್ತು. ಮಳೆ ಕೈಕೊಟ್ಟ ವರ್ಷದಲ್ಲಿಯೇ ಮೇಲಿನವನ ಪಂಪು ಕೆಳಗಿನವನ ಬಾಯಿಗೆ ಬೀಗ ಹಾಕುವುದು.

ಹಾಗೆಂದು ಕಬ್ಬು ಬೆಳೆದವನನ್ನು ಪಾಪಿಯೆಂದು ಕಟಕಟೆಯಲ್ಲಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಪೇಟೆಯಲ್ಲಿ ಕುಳಿತು ಲೇಖನ ಬರೆಯುವ ಪರಿಸರವಾದಿಗಳು ಇದೊಂದು ವಿಷಯದಲ್ಲಿ ಸದಾ ಎಡವುತ್ತಾರೆ. ರೈತ ಕಬ್ಬು ಹಾಕುವುದು ಅದಕ್ಕೆ ಸರಕಾರ ಗೊತ್ತುಪಡಿಸಿದ ದರವಿದೆ, ಕೊಳ್ಳಲು ಕಾರ್ಖಾನೆಯಿದೆ ಎಂದು. ಬಿಲ್ಲು ತಡವಾದರೂ ಬರುತ್ತದೆ ಎಂಬ ನಂಬಿಕೆಯಿದೆ. ತೊಗರಿಗೆ ಏನಿದೆ? 2015ರಲ್ಲಿ ಪೇಟೆಯಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಆಸೆಗೆ ಎಲ್ಲರೂ ತೊಗರಿ ಹಾಕಿದರು, ಬೆಳೆಯೂ ಬಂತು. 2017ರಲ್ಲಿ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 5,050 ರೂಪಾಯಿ ಇದ್ದರೂ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಬೇಕಾಯಿತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ರಾತ್ರಿಗಟ್ಟಲೆ ಕಾದವರು ನಮ್ಮ ಓದುಗರಲ್ಲಿಯೇ ಇದ್ದಾರೆ. ಅಂಥವನಿಗೆ ಹೋಗಿ ‘ಹಕ್ಕಿಗಾಗಿ ಕಬ್ಬು ಬಿಡಪ್ಪಾ’ ಎಂದರೆ ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ ನಕ್ಕಾನು.

ಆದ್ದರಿಂದ ನಮ್ಮ ಬೇಡಿಕೆ ಬೇರೆ. ಕೆಳಗೆ ನೀರು ಕುಡಿಯುವ ನಗರ, ಮೇಲೆ ನೀರು ಬಿಡುವ ಹಳ್ಳಿಗೆ ಅದರ ಖರ್ಚನ್ನು ಕೊಡಬೇಕು. ಇದು ಕನಸಿನ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ನೀರು ಬರುವುದು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ. ಆ ನೀರನ್ನು ಸೋಸಲು ಭಾರಿ ಯಂತ್ರಾಗಾರ ಕಟ್ಟುವುದಕ್ಕಿಂತ, ಮೇಲಿನ ರೈತರಿಗೆ ಹಣ ಕೊಟ್ಟು ಹೊಲದ ಗೊಬ್ಬರ, ಸಗಣಿ, ವಿಷ ಹೊಳೆ ಸೇರದಂತೆ ನೋಡಿಕೊಳ್ಳುವುದೇ ಅಗ್ಗ ಎಂದು ಆ ನಗರ ಕಂಡುಕೊಂಡಿತು. 1997ರಲ್ಲಿ ಮೇಲಿನ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಮಂಜೀರೆಯ ವಿಷಯದಲ್ಲಿ ತೊಡಕಿರುವುದು ಮೂರು ರಾಜ್ಯಗಳಿಂದ. ಗೋದಾವರಿಯ ನೀರನ್ನು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು ಬಂದದ್ದು 1980ರಲ್ಲಿ. ಅಲ್ಲಿ ವಾದಿ ಪ್ರತಿವಾದಿಗಳೆಲ್ಲ ರಾಜ್ಯ ಸರಕಾರಗಳೇ. ಅಭಯಾರಣ್ಯ ಆಗ ಎರಡು ವರ್ಷದ ಕೂಸು; ಅದರ ಪರವಾಗಿ ವಕಾಲತ್ತು ಹಾಕುವವರಾರು? ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ ಈ ಮೂರೂ ಕೂಡಿ, ನಿಲಂಗಾದ ರೈತ ಕಬ್ಬಿನಿಂದ ಹನಿ ನೀರಾವರಿಗೋ ತೊಗರಿ, ಕಡಲೆಗೋ ತಿರುಗಿದರೆ ಅವನಿಗೆ ಇಂತಿಷ್ಟು ಎಂದು ಕಟ್ಟಿಕೊಟ್ಟು, ಅವನ ಕಾಳನ್ನು ಕೊಳ್ಳುವ ಭರವಸೆ ಕೊಡಲಿ. ಆಮೇಲೆ ಹಕ್ಕಿಯ ಉಪದೇಶ ಮಾಡಲಿ. ಕೇಳುವ ಕಿವಿಗಳು ತಾವಾಗಿ ಸಿಗುತ್ತವೆ.

ಆದರೆ ಸರಕಾರಗಳು ಕೂಡುವ ತನಕ ಕಾಯಬೇಕಿಲ್ಲದ ಸಂಗತಿಗಳೂ ಇವೆ. ಅವು ನಮ್ಮ ಆರೋಗ್ಯಕ್ಕೂ ಸಂಬಂಧಪಟ್ಟವು. ಎಣ್ಣೆ ಹೊಡೆಯುವುದು ಎಂದು ನಮ್ಮಲ್ಲಿ ಸಲೀಸಾಗಿ ಹೇಳುವ ಕೆಲಸವನ್ನು ತೆಗೆದುಕೊಳ್ಳಿ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಕಾಲ, ಕಡಲೆಗೆ ಹುಳು ಬೀಳುವ ಕಾಲ, ದೂರದ ಹಕ್ಕಿಗಳು ಬಂದಿಳಿಯುವ ಕಾಲ, ಇವೆಲ್ಲ ಹೆಚ್ಚುಕಡಿಮೆ ಒಂದೇ. ಬೆನ್ನಿಗೆ ಪಂಪು, ಮೈಮೇಲೆ ಒಂದು ಬನಿಯನ್ನು, ಬಾಯಿಗೆ ಟವೆಲ್ಲೂ ಇಲ್ಲ. ಹೊಡೆದಾದ ಮೇಲೆ ಪಂಪನ್ನು ತೊಳೆಯುವುದು ಹಳ್ಳದಲ್ಲಿ, ಇಲ್ಲವೇ ಬಾವಿಯ ಕಟ್ಟೆಯ ಮೇಲೆ. ಆ ನೀರು ಮೀನಿಗೆ, ಮೀನಿನಿಂದ ಕೊಕ್ಕರೆಗೆ, ಬಾವಿಯಿಂದ ನಮ್ಮ ಮನೆಯ ಕೊಡಕ್ಕೆ.

ಮೊನೊಕ್ರೊಟೊಫಾಸ್ ಎಂಬ ವಿಷವನ್ನು ನಮ್ಮವರು ಹತ್ತಿಗೂ ತೊಗರಿಗೂ ವರ್ಷಾನುಗಟ್ಟಲೆ ಹೊಡೆದರು. ಅದರ ಕಥೆಯನ್ನು ಎಲ್ಲರೂ ತಿಳಿದಿರಬೇಕು. ಅಮೆರಿಕ, ಕೆನಡಾಗಳಲ್ಲಿ ಗೂಡು ಕಟ್ಟುವ ಸ್ವೇನ್‌ಸನ್ ಗಿಡುಗ ಎಂಬ ಹಕ್ಕಿ ಅಲ್ಲಿಯ ಚಳಿಗಾಲದಲ್ಲಿ ಅರ್ಜೆಂಟೀನಾಕ್ಕೆ ಹೋಗುತ್ತದೆ, ನಮ್ಮ ಬಾತುಗಳು ಟಿಬೆಟಿನಿಂದ ಇಲ್ಲಿಗೆ ಬರುವಂತೆಯೇ. ಅಲ್ಲಿ ಅದರ ಊಟ ಹೊಲದ ಮಿಡತೆ, ಅಂದರೆ ಅದು ರೈತನ ಸ್ನೇಹಿತ. 1995–96ರಲ್ಲಿ ಅಲ್ಲಿಯ ರೈತರು ಮಿಡತೆಯನ್ನು ಕೊಲ್ಲಲು ಇದೇ ಮೊನೊಕ್ರೊಟೊಫಾಸ್ ಹೊಡೆದರು. ಗಿಡುಗಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಲಗಳಲ್ಲಿಯೇ ಸತ್ತುಬಿದ್ದವು. ಸತ್ತವು ಒಟ್ಟು 20 ಸಾವಿರದಷ್ಟು ಇರಬಹುದೆಂದು ಅಂದಾಜು. ಸಾವಿರಾರು ಮೈಲಿ ಆಚೆ ಗೂಡುಗಳು ಬರಿದಾದದ್ದರ ಕಾರಣ ಈ ತುದಿಯ ಹೊಲದಲ್ಲಿತ್ತು. ಕೊನೆಗೆ ಅರ್ಜೆಂಟೀನಾ ಆ ವಿಷವನ್ನು ನಿಲ್ಲಿಸಿತು.

ನಮ್ಮಲ್ಲಿ? 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಸೇರಿದ್ದು ಇದೇ ವಿಷ. 2017ರಲ್ಲಿ ನಮ್ಮದೇ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಯವರು ಪ್ರಾಣ ಬಿಟ್ಟರು. 2023ರಲ್ಲಿ ಕೇಂದ್ರ ಸರಕಾರ ನಮ್ಮ ರೈತರಿಗೆ ಪರಿಚಿತವಾಗಿದ್ದ ಮೊನೊಕ್ರೊಟೊಫಾಸ್ ದ್ರಾವಣವನ್ನು ನಿಷೇಧಿಸುವ ಆದೇಶ ಹೊರಡಿಸಿತು. ಗಿಡುಗಗಳು ಸತ್ತು 27 ವರ್ಷಗಳ ನಂತರ! ಒಂದು ವಿಷ ಹೋದರೆ ಇನ್ನೊಂದು ಹೆಸರಿನಲ್ಲಿ ಬರುತ್ತದೆ ಎಂಬುದೂ ನಮಗೆ ಗೊತ್ತು. ಆದ್ದರಿಂದ ಬಾಟಲಿಯ ಮೇಲಿನ ತ್ರಿಕೋನವನ್ನು ನೋಡಿ ಕೊಳ್ಳುವ ರೂಢಿಯಾಗಬೇಕು. ಕೆಂಪು ತ್ರಿಕೋನವೆಂದರೆ ಅತಿ ಘೋರ ವಿಷ, ಅದರ ನಂತರ ಹಳದಿ, ನಂತರ ನೀಲಿ, ಹಸಿರು. ಓದು ಬಾರದ ತಾಯಂದಿರೂ ಬಣ್ಣ ಗುರುತಿಸಬಲ್ಲರು. ಖಾಲಿ ಡಬ್ಬಿಯನ್ನು ಎಣ್ಣೆಗೆ, ಉಪ್ಪಿಗೆ, ಹೊಲಕ್ಕೆ ನೀರು ಒಯ್ಯುವುದಕ್ಕೆ ಬಳಸಲೇ ಬಾರದು. ತೂತು ಮಾಡಿ, ಮಕ್ಕಳ ಮತ್ತು ದನಗಳ ಕೈಗೆ ಬಾಯಿಗೆ ಸಿಗದಂತೆ ಇಡಬೇಕು. ಪಂಪು ತೊಳೆದ ನೀರನ್ನು ಹೊಲದ ಒಳಗೇ, ಹಳ್ಳದಿಂದಲೂ ಬಾವಿಯಿಂದಲೂ ದೂರದ ಬದುವಿನ ಬಳಿ ಚೆಲ್ಲಬೇಕು. ಇನ್ನು ಕಾಳಿಗೆ ವಿಷ ಬೆರೆಸಿ ಹಕ್ಕಿ ಹಿಡಿಯುವ ಕೆಲವು ಪುಂಡರ ಮಾತು. ಆ ಹಕ್ಕಿಯನ್ನು ಸಂತೆಯಲ್ಲಿ ಕೊಂಡು ಮನೆಗೆ ತಂದವನು ಅದೇ ವಿಷವನ್ನು ಮಕ್ಕಳಿಗೆ ಉಣಿಸುತ್ತಾನೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಜೈಲು ಅದರ ಮೇಲಿನ ಮಾತು.

ಉಸುಕಿನ ವಿಷಯವನ್ನು ಬೇಗ ಮುಗಿಸುತ್ತೇವೆ, ಯಾಕೆಂದರೆ ಎಲ್ಲರಿಗೂ ಗೊತ್ತಿರುವುದೇ. ರಾತ್ರಿಯ ಟ್ರ್ಯಾಕ್ಟರುಗಳ ಸದ್ದಿಗೆ ಹೊಳೆ ದಂಡೆಯ ಊರುಗಳಲ್ಲಿ ನಿದ್ದೆ ಬರುವುದಿಲ್ಲ. ಉಸುಕು ಹೋದರೆ ಹೊಳೆ ನೀರು ಹಿಡಿದಿಡುವುದಿಲ್ಲ, ದಂಡೆಯ ಬಾವಿಗಳು ಮಾರ್ಚಿನಲ್ಲಿಯೇ ಬತ್ತುತ್ತವೆ. ಮೇಲಿನಿಂದ ಉಸುಕು ಹರಿದು ಬಾರದಿದ್ದರೆ ಕೆಳಗೆ ದಿಬ್ಬ ಬೆಳೆಯುವುದಿಲ್ಲ; ಅದೇ ದಿಬ್ಬಗಳಲ್ಲಿ ಮೊಸಳೆ ಮೊಟ್ಟೆ ಇಡುತ್ತದೆ. 5 ಹೆಕ್ಟೇರಿಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿದೆ. ಟ್ರ್ಯಾಕ್ಟರು ಯಾರದೆಂದು ಊರಿಗೆಲ್ಲ ಗೊತ್ತಿರುತ್ತದೆ, ಬಾಯಿ ಬಿಡುವವರಿಲ್ಲ.

ರೋಗದ ಹೆದರಿಕೆಯ ಬಗೆಗೂ ಒಂದು ಮಾತು ಹೇಳಲೇಬೇಕು. 2025ರ ಜನವರಿಯಲ್ಲಿ ಉದಗೀರದಲ್ಲಿ ಕಾಗೆಗಳು ಸಾಲಾಗಿ ಸತ್ತು, ಹಕ್ಕಿಜ್ವರವೆಂದು ಖಚಿತವಾಯಿತು. ಆಗ ಎಷ್ಟೋ ಮನೆಗಳಲ್ಲಿ ದೂರದ ಬಾತುಗಳೇ ರೋಗ ತಂದವೆಂದು ಶಪಿಸಿದರು. ಕೆರೆಯ ಹಕ್ಕಿಗಳನ್ನು ಪಟಾಕಿ ಹಚ್ಚಿ ಓಡಿಸಬೇಕೆನ್ನುವವರೂ ಇದ್ದಾರೆ. ಕಾಡುಹಕ್ಕಿಯಿಂದ ಈ ರೋಗ ಹರಡುವುದು ಸುಳ್ಳಲ್ಲ. ಕೋಳಿ ಸಾಕಣೆಯ ಗೂಡುಗಳು, ಕೋಳಿ ಸಾಗಿಸುವ ಬುಟ್ಟಿ, ವಾಹನಗಳಿಂದ ಹರಡುವುದೂ ಸುಳ್ಳಲ್ಲ. ಹಕ್ಕಿಯನ್ನು ಓಡಿಸಿದರೆ ಅದು ರೋಗವನ್ನು ಹೊತ್ತು ಇನ್ನೊಂದು ಕೆರೆಗೆ ಹೋಗುತ್ತದೆ, ಅಷ್ಟೇ ಆಗುವ ಲಾಭ. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಪಶುವೈದ್ಯರಿಗೆ ಕೂಡಲೇ ಸುದ್ದಿ ಕೊಡಿ. ಮನೆಯ ಕೋಳಿಗಳನ್ನು ಕೆರೆಯ ದಂಡೆಯಲ್ಲಿ ಮೇಯಲು ಬಿಡುವುದನ್ನು ಚಳಿಗಾಲದಲ್ಲಾದರೂ ನಿಲ್ಲಿಸಿ. ಮಾಂಸ, ಮೊಟ್ಟೆಯನ್ನು ಪೂರಾ ಬೇಯಿಸಿ ತಿಂದರೆ ಭಯವಿಲ್ಲ. ಆ ಕಾವಿನಲ್ಲಿ ರೋಗಾಣು ಸಾಯುತ್ತದೆ. ಹಸಿ ಮೊಟ್ಟೆ ಕುಡಿಸಿ ಮಕ್ಕಳನ್ನು ಗಟ್ಟಿ ಮಾಡುವ ಅಜ್ಜಿಯರು ಸ್ವಲ್ಪ ಕ್ಷಮಿಸಬೇಕು.

ಜನರ ಮನಸ್ಸು ಇದ್ದಲ್ಲಿ ಹಕ್ಕಿಗೆ ಅಭಯ ಹೇಗೆ ಸಿಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಒಂದು ಸಾಧಾರಣ ಊರ ಕೆರೆ. ಪಟ್ಟೆತಲೆ ಬಾತುಗಳು ಸಾವಿರಗಟ್ಟಲೆ ಅಲ್ಲಿ ಚಳಿಗಾಲ ಕಳೆಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತಾರಾಷ್ಟ್ರೀಯ ಮನ್ನಣೆ ಬಂತು. ರಾಜಸ್ಥಾನದ ಮೇನಾರ, ಖೀಚನ ಊರುಗಳಿಗೆ 2025ರಲ್ಲಿ ಅದೇ ಗೌರವ ಸಿಕ್ಕಿತು. ಖೀಚನದ ಜನ ಚಳಿಗಾಲದಲ್ಲಿ ಬರುವ ಕೊಕ್ಕರೆಯಂಥ ಕರ್ಕರ ಹಕ್ಕಿಗಳಿಗೆ ಪ್ರತಿದಿನ ಕಾಳು ಹಾಕುತ್ತಾರೆ. ಮೇನಾರದವರು ತಮ್ಮ ಕೆರೆಗಳಲ್ಲಿ ಬೇಟೆಯನ್ನೂ ಮೀನುಗಾರಿಕೆಯನ್ನೂ ತಾವೇ ತಡೆದಿದ್ದಾರೆ. ರಾಜಸ್ಥಾನ ನಮಗಿಂತ ನೀರು ಹೆಚ್ಚಿರುವ ನಾಡೇನೂ ಅಲ್ಲ.

ನಮ್ಮಲ್ಲಿಯೂ ಇದರ ಬೇರು ಇದೆ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಗಡಿಯ ಈಚೆಗೂ ಆಚೆಗೂ ಊರು ಖಾಲಿಯಾಗಿ ಹೊಲ ತುಂಬುತ್ತದೆ. ಲಾತೂರ, ಧಾರಾಶಿವದ ಮರಾಠಿಯವರು ಅದನ್ನೇ ವೇಳಾ ಅಮಾವಾಸ್ಯೆ ಎಂದು ಮಾಡುತ್ತಾರೆ. ಹೆಸರಿನಲ್ಲಿಯೇ ಕನ್ನಡದ ವಾಸನೆಯಿದೆ. ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗಿ, ಉಣ್ಣುವ ಮೊದಲು ಹೊಲದ ಸುತ್ತ ಚರಗ ಚೆಲ್ಲುವುದು ರೂಢಿ. ನಮ್ಮ ಕ್ರೈಸ್ತ ಕುಟುಂಬಗಳೂ ನೆರೆಯವರ ಹೊಲದಲ್ಲಿ ಕೂತು ಉಂಡು ಬರುತ್ತವೆ. ಆ ಚರಗ ಯಾರ ಪಾಲು? ಇರುವೆಯ, ಇಲಿಯ, ಗುಬ್ಬಿಯ, ಅಂದು ಹೊಲದಲ್ಲಿ ಯಾವ ಹಕ್ಕಿ ಇಳಿದಿತ್ತೋ ಅದರ ಪಾಲು. ಆ ಅಮಾವಾಸ್ಯೆ ಬರುವುದು ಡಿಸೆಂಬರ್ ಅಥವಾ ಜನವರಿಯಲ್ಲಿ, ಟಿಬೆಟಿನ ಹಕ್ಕಿ ಇಲ್ಲಿರುವಾಗಲೇ. ಬೆಳಿಗ್ಗೆ ಚರಗ ಚೆಲ್ಲಿ ಮರುದಿನ ಅದೇ ಹೊಲದಲ್ಲಿ ಕೆಂಪು ತ್ರಿಕೋನದ ವಿಷ ಹೊಡೆದು ಪಂಪನ್ನು ಹಳ್ಳದಲ್ಲಿ ತೊಳೆಯುವುದು ಯಾವ ಲೆಕ್ಕ ಎಂದು ಹಿರಿಯರೇ ಹೇಳಲಿ.

ಪೂಜೆ ಮುಗಿಸಿ ಹೊರಗೆ ನಿಂತಾಗ ಕೆಲವು ಯುವಕರು ಕೇಳುವುದುಂಟು: ನಾವು ಮಾಡಬಹುದಾದ ಸಣ್ಣ ಕೆಲಸ ಯಾವುದು ಎಂದು. ಪ್ರತಿ ಜನವರಿಯಲ್ಲಿ ಏಷ್ಯಾ ಖಂಡದಲ್ಲೆಲ್ಲ ನೀರಹಕ್ಕಿಗಳ ಎಣಿಕೆ ನಡೆಯುತ್ತದೆ, 1987ರಿಂದ. ಅದಕ್ಕೆ ದೊಡ್ಡ ಪದವಿ ಬೇಕಿಲ್ಲ, ಒಂದು ದುರ್ಬೀನು, ಒಂದು ವಹಿ, ಬೆಳಗಿನ ಚಳಿಯಲ್ಲಿ ಎರಡು ತಾಸು ಸುಮ್ಮನಿರುವ ತಾಳ್ಮೆ ಸಾಕು. ಮಾಕಣಿಯ ನೀರಿನಲ್ಲಿ, ನಿಲಂಗಾದ ಬ್ಯಾರೇಜುಗಳಲ್ಲಿ, ಉದಗೀರದ ಕೆರೆಗಳಲ್ಲಿ ಯಾವ ಹಕ್ಕಿ ಎಷ್ಟು ಇವೆ ಎಂದು ನಮ್ಮ ಹುಡುಗರು ಬರೆದಿಟ್ಟರೆ, ನಾಳೆ ಕೆರೆಯನ್ನು ಹೂಳಲು ಬಂದವನ ಮುಂದೆ ಇಡಲು ಒಂದು ಕಾಗದವಾದರೂ ಇರುತ್ತದೆ. ಕಾಗದವಿಲ್ಲದ ಮಾತಿಗೆ ಕಚೇರಿಯಲ್ಲಿ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು.

ಎಣಿಕೆ ಮುಗಿಯುವ ಹೊತ್ತಿಗೆ ಜನವರಿ 26ರ ಗ್ರಾಮಸಭೆ ಬರುತ್ತದೆ. ಹೊಳೆದಂಡೆಯ ಊರುಗಳವರು ಅಂದು ಎರಡು ಠರಾವುಗಳನ್ನು ಕೇಳಬೇಕು: ಊರಿನ ಹದ್ದಿನಲ್ಲಿ ರಾತ್ರಿ ಉಸುಕು ಎತ್ತುವುದನ್ನು ತಡೆಯುವುದು, ಪಂಪು ತೊಳೆಯಲು ಹಳ್ಳದಿಂದ ದೂರ ಒಂದು ಜಾಗ ಗೊತ್ತು ಮಾಡಿ ಅಲ್ಲಿಯೇ ಖಾಲಿ ಡಬ್ಬಿಗಳಿಗೆ ಒಂದು ಪೀಪಾಯಿ ಇಡುವುದು. ಅರ್ಜಿಯನ್ನು ಮರಾಠಿಯಲ್ಲಿಯೇ ಕೊಡಬೇಕಾಗುತ್ತದೆ. ಬರೆಯಲು ಬಾರದವರು ಭಾನುವಾರ ಪೂಜೆಯ ನಂತರ ಬಂದರೆ ನಮ್ಮ ಹತ್ತನೆಯ ಇಯತ್ತೆಯ ಮಕ್ಕಳು ಬರೆದುಕೊಡುತ್ತಾರೆ. ಅವರ ಅಕ್ಷರ ನಮ್ಮದಕ್ಕಿಂತ ಚೆನ್ನಾಗಿದೆ.